ಗೊಂಚಲಿನ ಒಳಗೆ ಕಪ್ಪು ಮಸಿ: ವೈನ್ ದ್ರಾಕ್ಷಿ ಲೋಡ್ ವಾಪಸ್ ಬಂತು, ಇದು ನಿಜವಾಗಲೂ ವಿಷವಾ?

ಕುಷ್ಟಗಿ ತೋಟ | ಫೆಬ್ರವರಿ 19, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಕುಷ್ಟಗಿ ತಾಲ್ಲೂಕಿನಲ್ಲಿ ನನ್ನದು ಮೂರು ಎಕರೆ ಶಿರಾಜ್ ತೋಟ. ವೈನ್‌ಗೆಂದೇ ಬೆಳೆಯುವ ಕಪ್ಪು ದ್ರಾಕ್ಷಿ. ಆರು ವರ್ಷದಿಂದ ಬೇರೆ ಜಿಲ್ಲೆಯ ಒಂದು ಕಂಪನಿಗೆ ಕೊಡುತ್ತಿದ್ದೇನೆ. ಇವತ್ತು ಮೊದಲ ಸಲ ಲೋಡ್ ವಾಪಸ್ ಬಂತು. ಎರಡು ಟನ್.

ನಿನ್ನೆ ಸಂಜೆ ಕೊಯ್ಲು ಮುಗಿಸಿ ಕ್ರೇಟ್‌ಗಳನ್ನು ಶೆಡ್‌ನಲ್ಲಿ ಇಟ್ಟಿದ್ದೆ. ಬೆಳಿಗ್ಗೆ ಎಂಟಕ್ಕೆ ಗಾಡಿ ಬಿಟ್ಟೆವು, ಮಧ್ಯಾಹ್ನ ಹನ್ನೆರಡಕ್ಕೆ ಕಂಪನಿ ಗೇಟ್ ಮುಟ್ಟಿದೆವು. ಮೇಲಿನಿಂದ ನೋಡಿದರೆ ಹಣ್ಣು ಚೆನ್ನಾಗಿಯೇ ಇತ್ತು. ಬಣ್ಣ ತುಂಬಿತ್ತು, ಸಕ್ಕರೆ 23 ಬ್ರಿಕ್ಸ್ ತೋರಿಸಿತು. ಹಣ್ಣು ಪರೀಕ್ಷೆ ಮಾಡುವ ಮೇಡಂ ಕ್ರೇಟಿನ ನಡುವಿನಿಂದ ಒಂದು ಗೊಂಚಲು ಎತ್ತಿದರು. ಎರಡೂ ಹೆಬ್ಬೆರಳು ಒಳಗೆ ತೂರಿಸಿ ಕಟಕ್‌ರೊಟ್ಟಿ ಮುರಿದ ಹಾಗೆ ಬಿಡಿಸಿದರು. ಒಳಗಿನಿಂದ ಕಪ್ಪು ಪುಡಿ ಹೊಗೆ ಎದ್ದ ಹಾಗೆ ಎದ್ದಿತು. ನನ್ನ ಬಿಳಿ ಅಂಗಿಯ ತೋಳಿಗೂ ಬಿತ್ತು. ಒರೆಸಿದೆ, ಕಂದೀಲಿನ ಗಾಜಿನ ಮಸಿಯಂತೆ ಇನ್ನೂ ಹರಡಿತು. ಹತ್ತು ಕ್ರೇಟ್ ತೆಗೆದು ನೋಡಿದರು, ನಾಲ್ಕರಲ್ಲಿ ಅದೇ ಕಥೆ. "ಇದರಲ್ಲಿ ಟಾಕ್ಸಿನ್ ಇರುವ ಸಾಧ್ಯತೆ ಇದೆ, ನಾವು ತಗೊಳ್ಳಲ್ಲ" ಅಂದರು. ಅಷ್ಟೇ ಮಾತು.

ನನ್ನ ಪ್ರಶ್ನೆ ಇದು. ಬೂಷ್ಟು ಅಂದರೆ ತೊಳೆದರೆ ಹೋಗುತ್ತದೆ ಅಲ್ವಾ? ವೈನ್ ಮಾಡುವಾಗ ಹಣ್ಣನ್ನು ಹುಳಿ ಬರಿಸಿಯೇ ಮಾಡುತ್ತಾರೆ, ಆಲ್ಕೋಹಾಲ್ ಬರುತ್ತದೆ, ಅದರಲ್ಲಿ ಬೂಷ್ಟು ಉಳಿಯುತ್ತದಾ? ಗಾಡಿ ಇನ್ನೂ ಮನೆ ಮುಂದೆ ನಿಂತಿದೆ. ವ್ಯಾಪಾರಿಯೊಬ್ಬರು ಫೋನ್ ಮಾಡಿ, ಒಣಗಿಸಿ ಮಣೂಕ ಮಾಡಿಸುತ್ತೇನೆ, ಕೆಜಿಗೆ 12 ರೂಪಾಯಿ ಕೊಡುತ್ತೇನೆ ಅಂದಿದ್ದಾರೆ. ನಾಳೆ ಬೆಳಿಗ್ಗೆ ಉತ್ತರ ಹೇಳಬೇಕು. ತಿಳಿದವರು ಹೇಳಿ.

ಸಿಂಧನೂರು ಹುಡುಗ | ಫೆಬ್ರವರಿ 19, ರಾತ್ರಿ 9:31

ಅಣ್ಣಾ, ಓದಿ ತುಂಬಾ ಬೇಜಾರಾಯಿತು. ಗಾಯ ತೊಳೆಯುವುದೇ ಸ್ಪಿರಿಟ್‌ನಿಂದ, ಆಲ್ಕೋಹಾಲಿನಲ್ಲಿ ಯಾವ ಬೂಷ್ಟು ಬದುಕುತ್ತದೆ? ಈ ವರ್ಷ ಹಣ್ಣು ಜಾಸ್ತಿ ಬಂದಿರಬೇಕು, ರೇಟ್ ಇಳಿಸಲು ಹುಡುಕಿದ ದಾರಿ ಅಂತ ನನಗೆ ಅನಿಸುತ್ತದೆ. ಭತ್ತದಲ್ಲಿ ತೇವಾಂಶ ಅಂತ ಹೇಳಿ ನಮ್ಮನ್ನು ಎಷ್ಟು ಸಲ ಗೇಟಿನಲ್ಲಿ ನಿಲ್ಲಿಸಿದ್ದಾರೆ.

ಲ್ಯಾಬ್ ಕೆಲಸ ರಾಯಚೂರು | ಫೆಬ್ರವರಿ 19, ರಾತ್ರಿ 10:20

ಕುಷ್ಟಗಿ ಅಣ್ಣಾವ್ರೇ, ಎರಡು ಟನ್ ಹಣ್ಣು ತಿರುಗಿ ಬಂದರೆ ಹೊಟ್ಟೆ ಉರಿಯುತ್ತದೆ. ಆದರೆ ಆ ಮೇಡಂ ಹೇಳಿದ್ದು ನೆಪ ಅಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ನಾಳೆ ಬೆಳಿಗ್ಗೆ ಉತ್ತರ ಹೇಳುವ ಮುಂಚೆ ದಯವಿಟ್ಟು ಓದಿ.

ನಾನು ಆಹಾರ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿದ್ದೇನೆ. ನಮಗೆ ಜಾಸ್ತಿ ಬರುವುದು ಶೇಂಗಾ ಮತ್ತು ಮೆಣಸಿನಕಾಯಿ. ಶೇಂಗಾದ ಅಫ್ಲಾಟಾಕ್ಸಿನ್ ಹೆಸರು ನಮ್ಮ ಭಾಗದ ರೈತರೆಲ್ಲ ಕೇಳಿರುತ್ತೀರಿ. ಹಳದಿ ಹಸಿರು ಬೂಷ್ಟು ಬಿಡುವ ವಿಷ ಅದು. ದ್ರಾಕ್ಷಿಗೆ ಬರುವುದು ಅದರ ದಾಯಾದಿ, ಓಕ್ರಾಟಾಕ್ಸಿನ್ ಎ. 1965ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಆಸ್ಪರ್ಜಿಲಸ್ ಓಕ್ರೇಸಿಯಸ್ ಎಂಬ ಬೂಷ್ಟಿನಿಂದ ಮೊದಲು ಬೇರ್ಪಡಿಸಿದರು, ಅದಕ್ಕೇ ಆ ಹೆಸರು. ವೈನ್‌ನಲ್ಲೂ ಇದೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಬಿಟ್ಟು, 1990ರ ದಶಕದ ಮಧ್ಯದಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ. ದ್ರಾಕ್ಷಿಯಲ್ಲಿ ಇದನ್ನು ಮುಖ್ಯವಾಗಿ ಮಾಡುವುದು ಆಸ್ಪರ್ಜಿಲಸ್ ಕಾರ್ಬೊನೇರಿಯಸ್. ಇದ್ದಿಲಿನ ಬಣ್ಣದ್ದು ಅನ್ನುವ ಅರ್ಥದ ಹೆಸರು. ನಿಮ್ಮ ತೋಳಿಗೆ ಬಿದ್ದದ್ದು ಇದೇ ಕಪ್ಪು ಗುಂಪಿನದು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಕಪ್ಪು ಮಸಿ ಕಂಡಲ್ಲೆಲ್ಲ ವಿಷ ಇದ್ದೇ ಇರುತ್ತದೆ ಅಂತಲ್ಲ. ಆಸ್ಪರ್ಜಿಲಸ್ ನೈಗರ್ ಅಂತ ಇನ್ನೊಂದಿದೆ, ನೋಡಲು ಹಾಗೇ ಇರುತ್ತದೆ, ಆದರೆ ಅದರಲ್ಲಿ ಹೆಚ್ಚಿನವು ಈ ವಿಷ ಮಾಡುವುದಿಲ್ಲ. ಕಣ್ಣಿಗೆ ಎರಡೂ ಒಂದೇ. ಗೇಟಿನಲ್ಲಿ ನಿಂತು ಯಾವುದು ಯಾವುದು ಅಂತ ಯಾರೂ ಹೇಳಲಾರರು. ಅದಕ್ಕೇ ಮಸಿ ಕಂಡರೆ ಬೇಡ ಅನ್ನುತ್ತಾರೆ.

ಇನ್ನು ಸಿಂಧನೂರು ತಮ್ಮನ ಮಾತಿಗೆ. ಬೂಷ್ಟು ಬೇರೆ, ಅದು ಬಿಟ್ಟ ವಿಷ ಬೇರೆ. ಬೂಷ್ಟಿಗೆ ಜೀವ ಇದೆ, ಆಲ್ಕೋಹಾಲಿನಲ್ಲಿ ಸಾಯುತ್ತದೆ, ನಿಜ. ವಿಷಕ್ಕೆ ಜೀವ ಎಲ್ಲಿದೆ ಸಾಯಲು? ಕಚ್ಚಿದ ಹಾವನ್ನು ಹೊಡೆದು ಹಾಕಿದರೆ ಮೈಗೆ ಏರಿದ ವಿಷ ಇಳಿಯುತ್ತದಾ? ಇದೂ ಹಾಗೇ. ಕುದಿಸಿದರೆ ಹೋಗುವುದಿಲ್ಲ. ವೈನ್‌ಗೆ ಹಾಕುವ ಕೆಎಂಎಸ್ ಪುಡಿ, ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಬೂಷ್ಟನ್ನೂ ಕಾಡು ಈಸ್ಟನ್ನೂ ತಡೆಯುತ್ತದೆ. ಆಗಲೇ ಹಣ್ಣಿನೊಳಗೆ ಕೂತ ವಿಷವನ್ನು ಅದು ಮುಟ್ಟುವುದಿಲ್ಲ.

ಎಷ್ಟು ಇದ್ದರೆ ತೊಂದರೆ? ಯುರೋಪಿನಲ್ಲಿ 2005ರ ಕೊಯ್ಲಿನಿಂದ ವೈನ್‌ಗೆ ಹಾಕಿರುವ ಮಿತಿ ಒಂದು ಕೆಜಿಗೆ 2 ಮೈಕ್ರೋಗ್ರಾಂ. ಲೆಕ್ಕ ಹಾಕಿ. ಸಾವಿರ ಲೀಟರ್ ಟ್ಯಾಂಕಿಗೆ ಸುಮಾರು 2 ಮಿಲಿಗ್ರಾಂ. ಒಂದು ಎಳ್ಳುಕಾಳೇ ಹತ್ತಿರ ಹತ್ತಿರ 3 ಮಿಲಿಗ್ರಾಂ ತೂಗುತ್ತದೆ. ಎಳ್ಳಷ್ಟೂ ಇರಬಾರದು ಅನ್ನುತ್ತೇವಲ್ಲ, ಇಲ್ಲಿ ಅದು ಅಕ್ಷರಶಃ ನಿಜ.

ಇದು ಕೆಡಿಸುವುದು ಮೂತ್ರಪಿಂಡವನ್ನು. ಒಂದು ಲೋಟ ಕುಡಿದವರು ಬಿದ್ದುಹೋಗುವುದಿಲ್ಲ, ಹೆದರಿಸಲು ಹೇಳುತ್ತಿಲ್ಲ. ಆದರೆ ರಕ್ತದ ಪ್ರೋಟೀನಿಗೆ ಅಂಟಿಕೊಂಡು ಕೂರುತ್ತದೆ. ಮನುಷ್ಯನ ಮೈಯಲ್ಲಿ ಅರ್ಧ ಭಾಗ ಇಳಿಯಲು ಸುಮಾರು 35 ದಿನ ಬೇಕು. ಅಷ್ಟರಲ್ಲಿ ಇನ್ನೊಂದಿಷ್ಟು ಒಳಗೆ ಹೋದರೆ ಜಮೆ ಆಗುತ್ತಾ ಹೋಗುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1993ರಲ್ಲಿ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಈಗ ನಾನೊಂದು ಕೇಳುತ್ತೇನೆ. ಕೊಯ್ಲಿಗೆ ಮುಂಚೆ ಮಳೆ ಬಿದ್ದಿತ್ತಾ? ನೀರು ಹೇಗೆ ಕೊಟ್ಟಿರಿ?

ಯಲಬುರ್ಗಾ ಮಣೂಕ | ಫೆಬ್ರವರಿ 19, ರಾತ್ರಿ 10:48

ಅಣ್ಣಾ, ಆ ಹಣ್ಣನ್ನು ಮಣೂಕಕ್ಕೆ ಕೊಡಬೇಡಿ. ಕೈ ಮುಗಿದು ಕೇಳುತ್ತೇನೆ.

ಹದಿನೈದು ವರ್ಷದಿಂದ ಒಣದ್ರಾಕ್ಷಿ ಶೆಡ್ ನಡೆಸುತ್ತಿದ್ದೇನೆ. ನಾಲ್ಕು ಕೆಜಿ ಹಣ್ಣು ಒಣಗಿದರೆ ಒಂದು ಕೆಜಿ ಮಣೂಕ. ನೀರು ಹೋಗುತ್ತದೆ, ವಿಷ ಎಲ್ಲಿಗೂ ಹೋಗುವುದಿಲ್ಲ. ನಾಲ್ಕು ಕೆಜಿಯಲ್ಲಿ ಇದ್ದದ್ದು ಒಂದು ಕೆಜಿಯಲ್ಲಿ ಕೂರುತ್ತದೆ. ಅದೂ ಅಲ್ಲದೆ ಒಣಗುವ ಮೊದಲ ಮೂರು ನಾಲ್ಕು ದಿನ ಹಣ್ಣು ಮೆತ್ತಗೆ ಇರುತ್ತದೆ, ಆಗ ಬೂಷ್ಟು ಇನ್ನೂ ಬೆಳೆಯುತ್ತದೆ. ಡಿಪ್ಪಿಂಗ್ ಆಯಿಲ್‌ನಲ್ಲಿ ಅದ್ದಿದರೆ ಸಿಪ್ಪೆಯ ಮೇಣ ತೆಳುವಾಗಿ ಬೇಗ ಒಣಗುತ್ತದೆ ಅಷ್ಟೇ, ಬೂಷ್ಟು ಹೋಗಲ್ಲ. ಕೊನೆಗೆ ಗಂಧಕದ ಹೊಗೆ ಕೊಟ್ಟು ಬಣ್ಣ ತಿದ್ದಿದರೆ ಯಾರ ಕಣ್ಣಿಗೂ ಕಾಣುವುದಿಲ್ಲ. ಆ ಮಣೂಕ ಹೋಗುವುದು ಎಲ್ಲಿಗೆ? ಹಾಲಿಗೆ, ಪಾಯಸಕ್ಕೆ, ಬಾಣಂತಿಗೆ, ಮಕ್ಕಳ ಬಾಯಿಗೆ.

ಯುರೋಪಿನವರು ಒಣದ್ರಾಕ್ಷಿಗೆ ಕೆಜಿಗೆ 10 ಮೈಕ್ರೋಗ್ರಾಂ ಇದ್ದ ಮಿತಿಯನ್ನು 2023ರಿಂದ 8ಕ್ಕೆ ಇಳಿಸಿದ್ದಾರೆ. ರಫ್ತು ಮಾಡುವವರು ಪರೀಕ್ಷೆ ಮಾಡಿಸುತ್ತಾರೆ. ನಮ್ಮ ಸಂತೆಯಲ್ಲಿ ಸುರಿಯುವ ಮಣೂಕವನ್ನು ಯಾರು ಪರೀಕ್ಷೆ ಮಾಡುತ್ತಾರೆ? ಅದಕ್ಕೇ 12 ರೂಪಾಯಿ ಕೊಡಲು ಅವರು ತಯಾರಾಗಿದ್ದಾರೆ.

ಕುಷ್ಟಗಿ ತೋಟ | ಫೆಬ್ರವರಿ 19, ರಾತ್ರಿ 11:30

ಇಬ್ಬರಿಗೂ ದೊಡ್ಡ ನಮಸ್ಕಾರ. ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಮಳೆ ಬಿದ್ದಿತ್ತು. ಹೋದ ವಾರ ಒಂದು ರಾತ್ರಿ, ಅರ್ಧ ತಾಸು. ಅದಕ್ಕಿಂತ ದೊಡ್ಡ ತಪ್ಪು ನನ್ನದೇ ಇದೆ. ಕೊಯ್ಲಿಗೆ ಎಂಟು ದಿನ ಇರುವಾಗ ತೂಕ ಬರಲಿ ಅಂತ ಡ್ರಿಪ್‌ನಲ್ಲಿ ಜಾಸ್ತಿ ನೀರು ಬಿಟ್ಟೆ. ಅದಕ್ಕೂ ಮುಂಚೆ ಬೋರ್ ಕೈಕೊಟ್ಟು ಹತ್ತು ದಿನ ಸರಿಯಾಗಿ ನೀರೇ ಇರಲಿಲ್ಲ. ಜನವರಿಯಲ್ಲಿ ಬೂದಿ ರೋಗವೂ ಸ್ವಲ್ಪ ಬಂದಿತ್ತು, ಔಷಧ ಹೊಡೆದ ಮೇಲೆ ಹೋಯಿತು ಅಂದುಕೊಂಡಿದ್ದೆ.

ವ್ಯಾಪಾರಿಗೆ ಈಗಲೇ ಮೆಸೇಜ್ ಹಾಕಿದೆ, ಕೊಡುವುದಿಲ್ಲ ಅಂತ. ಇನ್ನೂ ಒಂದೂವರೆ ಎಕರೆ ಬಳ್ಳಿಯಲ್ಲೇ ಇದೆ. ಅದನ್ನಾದರೂ ಉಳಿಸಿಕೊಳ್ಳಬೇಕು.

ಲ್ಯಾಬ್ ಕೆಲಸ ರಾಯಚೂರು | ಫೆಬ್ರವರಿ 20, ಬೆಳಿಗ್ಗೆ 6:55

ಅಣ್ಣಾವ್ರೇ, ದೊಡ್ಡ ಮನಸ್ಸು ಮಾಡಿದಿರಿ.

ಆಗಿದ್ದು ಏನು ಅಂತ ಈಗ ಸ್ಪಷ್ಟವಾಯಿತು. ಈ ಬೂಷ್ಟಿನ ಬೀಜ ತೋಟದ ಮಣ್ಣಿನಲ್ಲೇ ಇರುತ್ತದೆ, ಧೂಳಿನ ಜೊತೆ ಎದ್ದು ಗೊಂಚಲಿಗೆ ಬಂದು ಕೂರುತ್ತದೆ. ಕಪ್ಪು ಬಣ್ಣ ಇರುವುದರಿಂದ ನಮ್ಮ ಬಿಸಿಲಿಗೂ ಸಾಯುವುದಿಲ್ಲ. ಸುಮ್ನೆ ಕಾಯುತ್ತಾ ಇರುತ್ತದೆ, ಒಂದು ಗಾಯಕ್ಕಾಗಿ. ಬೂದಿ ರೋಗ ಬಂದ ಜಾಗದಲ್ಲಿ ಸಿಪ್ಪೆ ಬಿಗಿಯಾಗಿ ಹಿಗ್ಗುವ ಶಕ್ತಿ ಕಳೆದುಕೊಂಡಿರುತ್ತದೆ. ಒಣಗಿದ ಬಳ್ಳಿಗೆ ಒಮ್ಮೆಲೇ ನೀರು ಬಿಟ್ಟರೆ ಹಣ್ಣು ಉಬ್ಬುತ್ತದೆ, ಸಿಪ್ಪೆ ಹಿಗ್ಗುವುದಿಲ್ಲ, ಸೀಳುತ್ತದೆ. ಹಕ್ಕಿ ಕುಕ್ಕಿದ್ದು, ಕಣಜ ಕೊರೆದದ್ದು ಎಲ್ಲವೂ ಬಾಗಿಲೇ. ಶಿರಾಜ್ ಗೊಂಚಲು ಒತ್ತೊತ್ತಾಗಿರುವುದರಿಂದ ಒಳಗಿನ ಹಣ್ಣು ಒಂದಕ್ಕೊಂದು ಒತ್ತಿ ಅಲ್ಲೇ ಒಡೆಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಹವೆಯೂ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಈ ಬೂಷ್ಟು ಚೆನ್ನಾಗಿ ಬೆಳೆಯುವುದು 30 ಡಿಗ್ರಿ ಆಚೀಚೆ, ವಿಷ ಜಾಸ್ತಿ ಮಾಡುವುದು 20 ಡಿಗ್ರಿ ಸುತ್ತಮುತ್ತ. ನಮ್ಮ ಫೆಬ್ರವರಿಯ ಹಗಲು ಮತ್ತು ರಾತ್ರಿ. ನೀವು ಕೊಯ್ದ ಹಣ್ಣನ್ನು ಒಂದು ರಾತ್ರಿ ಶೆಡ್‌ನಲ್ಲಿ ಇಟ್ಟದ್ದು ಅದಕ್ಕೆ ಇನ್ನೂ ಅನುಕೂಲವಾಯಿತು. ಕ್ರೇಟಿನ ತಳದ ಹಣ್ಣು ಭಾರಕ್ಕೆ ಒಡೆದು ರಸ ಬಿಟ್ಟಿರುತ್ತದೆ.

ಉಳಿದ ಒಂದೂವರೆ ಎಕರೆಗೆ ಈಗ ಔಷಧ ಹೊಡೆಯಲು ಹೋಗಬೇಡಿ. ಕೊಯ್ಲು ಇಷ್ಟು ಹತ್ತಿರ ಇರುವಾಗ ಹೊಡೆದರೆ ಅದರ ಅಂಶ ಹಣ್ಣಿನಲ್ಲೇ ಉಳಿಯುತ್ತದೆ, ಇನ್ನೊಂದು ಕಾರಣಕ್ಕೆ ಲೋಡ್ ವಾಪಸ್ ಬರುತ್ತದೆ. ಈಗ ಉಳಿದಿರುವುದು ಕೈ ಕೆಲಸ ಒಂದೇ.

ಪರೀಕ್ಷೆ ಮಾಡಿಸಬೇಕು ಅನಿಸಿದರೆ, ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕ ಅವಶೇಷ ಮತ್ತು ಆಹಾರ ಗುಣಮಟ್ಟ ವಿಶ್ಲೇಷಣೆಯ ಪ್ರಯೋಗಾಲಯ ಇದೆ. ಮುಂಚೆ ಫೋನ್ ಮಾಡಿ ಕೇಳಿಕೊಂಡು ಹೋಗಿ. ಒಂದೇ ಗೊಂಚಲು ಕೊಟ್ಟರೆ ಏನೂ ಪ್ರಯೋಜನ ಇಲ್ಲ. ಬೇರೆ ಬೇರೆ ಸಾಲಿನಿಂದ ತೆಗೆದು ಎಲ್ಲ ಕಲಸಿ ಕೊಡಬೇಕು.

ಬಳ್ಳಾರಿ ಅಡುಗೆಮನೆ | ಫೆಬ್ರವರಿ 20, ಬೆಳಿಗ್ಗೆ 9:05

ಸರ್, ಓದಿ ಭಯ ಆಯಿತು. ನಾನು ಕೌಲ್ ಬಜಾರ್ ಕಡೆಯಿಂದ ಕಡಿಮೆ ರೇಟಿನ ಕಪ್ಪು ದ್ರಾಕ್ಷಿ ತಂದು, ಸಕ್ಕರೆ ಹಾಕಿ ಕುದಿಸಿ, ಬೇಸಿಗೆಗೆ ಶರಬತ್ತು ಮಾಡಿಟ್ಟುಕೊಳ್ಳುತ್ತೇನೆ. ಒಡೆದ ಹಣ್ಣು ಕೆಲವು ಇರುತ್ತವೆ. ಕುದಿಸುತ್ತೇವಲ್ಲ ಅಂತ ಎಲ್ಲ ಸೇರಿಸಿಯೇ ಹಾಕುತ್ತಿದ್ದೆ. ಮಕ್ಕಳು ಕುಡಿದಿದ್ದಾರೆ. ಏನಾದರೂ ಆಗುತ್ತದಾ?

ಲ್ಯಾಬ್ ಕೆಲಸ ರಾಯಚೂರು | ಫೆಬ್ರವರಿ 20, ಬೆಳಿಗ್ಗೆ 9:40

ಅಕ್ಕಾ, ಹೆದರಬೇಡಿ. ಒಂದೆರಡು ಸಲ ಕುಡಿದಿದ್ದಕ್ಕೆ ಏನೂ ಆಗುವುದಿಲ್ಲ. ಇನ್ನು ಮುಂದೆ ಹಣ್ಣನ್ನು ತಟ್ಟೆಯಲ್ಲಿ ಹರಡಿ ಆರಿಸಿ. ಕಪ್ಪು ಪುಡಿ ಇರುವ ಹಣ್ಣು, ಅದಕ್ಕೆ ಅಂಟಿಕೊಂಡಿದ್ದ ಪಕ್ಕದ ಹಣ್ಣು ಎರಡನ್ನೂ ಬಿಸಾಡಿ. ಗಟ್ಟಿ ಹಣ್ಣನ್ನು ತೊಳೆದು ಮಾಡಿ. ಕುದಿಸಿದರೆ ಸರಿಹೋಗುತ್ತದೆ ಅನ್ನುವುದನ್ನು ಮಾತ್ರ ಮರೆತುಬಿಡಿ.

ಟ್ಯಾಂಕ್ ಮನೆ | ಫೆಬ್ರವರಿ 20, ಮಧ್ಯಾಹ್ನ 1:15

ನಮಸ್ಕಾರ ರೀ. ನಾನು ಕೊಪ್ಪಳದವನು, ಒಂದು ವೈನರಿಯಲ್ಲಿ ಟ್ಯಾಂಕ್ ವಿಭಾಗದಲ್ಲಿ ಎಂಟು ವರ್ಷ ಕೆಲಸ ಮಾಡಿದ್ದೇನೆ. ವೈನರಿಯೊಳಗೆ ಏನಾಗುತ್ತದೆ ಅಂತ ಹೇಳುತ್ತೇನೆ, ಗೇಟಿನಲ್ಲಿ ಯಾಕೆ ಅಷ್ಟು ಕಟ್ಟುನಿಟ್ಟು ಅಂತ ಅರ್ಥ ಆಗುತ್ತದೆ.

ಬಿಳಿ ವೈನ್ ಆದರೆ ಹಣ್ಣನ್ನು ಒತ್ತಿ ರಸ ತೆಗೆದು ಸಿಪ್ಪೆಯನ್ನು ಆಗಲೇ ಆಚೆ ಹಾಕುತ್ತೇವೆ. ಕೆಂಪು ವೈನ್ ಹಾಗಲ್ಲ. ಬಣ್ಣ ಇರುವುದೇ ಸಿಪ್ಪೆಯಲ್ಲಿ. ಹಣ್ಣು ಒಡೆದು, ಸಿಪ್ಪೆ, ಬೀಜ, ರಸ ಎಲ್ಲ ಒಟ್ಟಿಗೆ ಒಂದು ವಾರ, ಹತ್ತು ದಿನ ಟ್ಯಾಂಕಿನಲ್ಲಿ ಇರುತ್ತದೆ. ಸಿಪ್ಪೆ ಮೇಲೆ ತೇಲಿ ದಪ್ಪ ಟೋಪಿ ಹಾಗೆ ಕಟ್ಟುತ್ತದೆ. ದಿನಕ್ಕೆ ಎರಡು ಮೂರು ಸಲ ಅದನ್ನು ಒಳಗೆ ಮುಳುಗಿಸುತ್ತೇವೆ, ಇಲ್ಲವೇ ಕೆಳಗಿನ ರಸ ಪಂಪ್ ಮಾಡಿ ಮೇಲೆ ಸುರಿಯುತ್ತೇವೆ. ಬಣ್ಣ ಇಳಿಯಲಿ ಅಂತ. ಬಣ್ಣದ ಜೊತೆ ಸಿಪ್ಪೆಯಲ್ಲಿರುವ ವಿಷವೂ ಇಳಿಯುತ್ತದೆ. ಬಿಳಿ ವೈನ್‌ಗಿಂತ ಕೆಂಪಿನಲ್ಲಿ ಈ ವಿಷ ಜಾಸ್ತಿ ಸಿಗುವುದು ಇದಕ್ಕೇ.

ಹುದುಗು ಮುಗಿಯುವಾಗ ಸ್ವಲ್ಪ ಕಡಿಮೆ ಆಗುತ್ತದೆ. ಈಸ್ಟಿನ ಮೈಗೆ ವಿಷ ಅಂಟಿಕೊಂಡು ತಳಕ್ಕೆ ಇಳಿಯುತ್ತದೆ, ಆ ಗಸಿ ಬಿಟ್ಟು ಮೇಲಿನ ವೈನ್ ತೆಗೆಯುತ್ತೇವೆ. ಆದರೆ ಪೂರ್ತಿ ಹೋಗುವುದಿಲ್ಲ. ಇದ್ದಿಲ ಪುಡಿ ಹಾಕಿ ಸೋಸಿದರೆ ವಿಷ ಹಿಡಿಯುತ್ತದೆ, ಬಣ್ಣ ಮತ್ತು ಪರಿಮಳವನ್ನೂ ಹಿಡಿದುಕೊಂಡು ಹೋಗುತ್ತದೆ. ವೈನ್ ತಿಳಿಯಾಗಲಿ ಅಂತ ಹಾಕುವ ಬೆಂಟೊನೈಟ್ ಮಣ್ಣಿನಿಂದ ಇದಕ್ಕೆ ದೊಡ್ಡ ಪ್ರಯೋಜನ ಕಾಣುವುದಿಲ್ಲ. ಐದು ಸಾವಿರ ಲೀಟರ್ ಟ್ಯಾಂಕಿನಲ್ಲಿ ಹತ್ತು ರೈತರ ಹಣ್ಣು ಸೇರಿರುತ್ತದೆ. ಒಬ್ಬರ ನಾಲ್ಕು ಕ್ರೇಟ್ ಸಾಕು, ಒಂಬತ್ತು ಜನರ ಶ್ರಮ ಕೆಡುತ್ತದೆ.

2007ರಲ್ಲಿ ರಾಜ್ಯದ ವೈನ್ ನೀತಿ ಬಂದ ಮೇಲೆ ವೈನ್ ದ್ರಾಕ್ಷಿಗೆ ಇಳಿದವರು ನಮ್ಮ ಕಡೆಯೂ ಇದ್ದಾರೆ. ಬಳ್ಳಿ ಕಟ್ಟುವುದು, ಚಾಟ್ನಿ ಮಾಡುವುದು, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವುದು, ಎಲ್ಲ ಕಲಿಸಿದರು. ಈ ಮಸಿಯ ಬಗ್ಗೆ ಮಾತ್ರ ಗೇಟಿಗೆ ಬಂದ ಮೇಲೆ ಹೇಳುತ್ತಾರೆ. ಅದು ತಪ್ಪು. ಬಣ್ಣ ತಿರುಗುವ ಹೊತ್ತಿಗೇ ಕಂಪನಿಯವರು ತೋಟಕ್ಕೆ ಬಂದು ಗೊಂಚಲು ಬಿಡಿಸಿ ತೋರಿಸಬೇಕು. ಇದನ್ನು ನಾನು ಕೆಲಸದಲ್ಲಿದ್ದಾಗಲೂ ಹೇಳಿದ್ದೆ.

ಸಿಂಧನೂರು ಹುಡುಗ | ಫೆಬ್ರವರಿ 20, ಮಧ್ಯಾಹ್ನ 2:02

ನಿನ್ನೆ ನಾನು ಹೇಳಿದ್ದು ತಪ್ಪು. ತಿಳಿಯದೆ ಹೇಳಿದೆ, ಕ್ಷಮಿಸಿ. ಒಂದು ಸಂಶಯ. ಆ ಎರಡು ಟನ್ ಹಣ್ಣನ್ನು ದನಕ್ಕೆ ಹಾಕಬಹುದಾ?

ಲ್ಯಾಬ್ ಕೆಲಸ ರಾಯಚೂರು | ಫೆಬ್ರವರಿ 20, ಮಧ್ಯಾಹ್ನ 2:30

ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯ ಸೂಕ್ಷ್ಮಜೀವಿಗಳು ಈ ವಿಷವನ್ನು ಬಹುಪಾಲು ಒಡೆದುಬಿಡುತ್ತವೆ. ಹಂದಿ, ಕೋಳಿಗೆ ಆ ಶಕ್ತಿ ಇಲ್ಲ, ಅವುಗಳ ಮೂತ್ರಪಿಂಡ ಕೆಡುತ್ತದೆ. ಆದರೂ ಇಷ್ಟು ಸಿಹಿ ಹಣ್ಣನ್ನು ರಾಶಿ ಹಾಕಿದರೆ ದನಕ್ಕೂ ಹೊಟ್ಟೆ ಕೆಡುತ್ತದೆ. ತೋಟದಿಂದ ದೂರ ಆಳವಾದ ಗುಂಡಿ ತೆಗೆದು ಮುಚ್ಚುವುದೇ ಒಳ್ಳೆಯದು. ಸಾಲಿನ ನಡುವೆ ಸುರಿಯಲೇಬೇಡಿ, ಮುಂದಿನ ವರ್ಷಕ್ಕೆ ನೀವೇ ಬೂಷ್ಟು ಬಿತ್ತಿದ ಹಾಗೆ.

ಕೊಯ್ಲು ಮೇಸ್ತ್ರಿ ಗಂಗಾವತಿ | ಫೆಬ್ರವರಿ 20, ರಾತ್ರಿ 8:10

ನನ್ನ ಮಗಳು ಇದನ್ನೆಲ್ಲ ಓದಿ ಹೇಳಿದಳು, ನಾನು ಹೇಳಿದ್ದನ್ನು ಅವಳೇ ಬರೆಯುತ್ತಿದ್ದಾಳೆ. ನಾನು ಹನ್ನೆರಡು ಹೆಣ್ಣುಮಕ್ಕಳನ್ನು ಕರೆದುಕೊಂಡು ದ್ರಾಕ್ಷಿ, ದಾಳಿಂಬೆ ಕೊಯ್ಲಿಗೆ ಹೋಗುತ್ತೇನೆ.

ಅಣ್ಣಾ, ಆ ಮಸಿ ನಮಗೆ ಗೊತ್ತು. ಕೈಯಲ್ಲಿ ಹಿಡಿದ ಕೂಡಲೇ ಗೊತ್ತಾಗುತ್ತದೆ. ಒಳ್ಳೆಯ ಗೊಂಚಲು ತಣ್ಣಗೆ, ಗಟ್ಟಿಯಾಗಿ ಇರುತ್ತದೆ. ಒಳಗೆ ಕೆಟ್ಟಿದ್ದರೆ ಹಿಡಿದಲ್ಲಿ ಮೆತ್ತಗೆ ಆಗುತ್ತದೆ, ಬೆರಳು ಅಂಟುತ್ತದೆ, ಹುಳಿ ವಾಸನೆ ಬರುತ್ತದೆ, ಸಣ್ಣ ನೊಣ ಏಳುತ್ತವೆ. ಆದರೂ ಕತ್ತರಿಸಿ ಕ್ರೇಟಿಗೆ ಹಾಕುತ್ತೇವೆ. ಯಾಕೆ ಅಂದರೆ ನಮಗೆ ಕೂಲಿ ಕೊಡುವುದು ಕ್ರೇಟ್ ಲೆಕ್ಕದಲ್ಲಿ. ಒಂದೊಂದು ಗೊಂಚಲು ಬಿಡಿಸಿ ನೋಡುತ್ತಾ ನಿಂತರೆ ಸಂಜೆಗೆ ಅರ್ಧ ಕೂಲಿಯೂ ಆಗುವುದಿಲ್ಲ. ಬಿಸಾಡಿದರೆ ಮಾಲೀಕರು, ಯಾಕಮ್ಮಾ ನನ್ನ ಹಣ್ಣು ಚೆಲ್ಲುತ್ತೀಯಾ ಅಂತ ಬೈಯುತ್ತಾರೆ.

ದಿನದ ಕೂಲಿ ಕೊಡಿ. ಇಬ್ಬಿಬ್ಬರು ಒಂದು ಸಾಲಿಗೆ ಇರಲಿ, ಒಬ್ಬರು ಕತ್ತರಿಸಲಿ, ಇನ್ನೊಬ್ಬರು ಬಿಡಿಸಿ ನೋಡಲಿ. ಎರಡು ಬಕೆಟ್ ಬೇರೆ ಬೇರೆ ಇರಲಿ. ಮಸಿ ಹಿಡಿದ ಒಂದು ಹಣ್ಣನ್ನೂ ನಾವು ಕ್ರೇಟಿಗೆ ಬಿಡುವುದಿಲ್ಲ.

ಕುಷ್ಟಗಿ ತೋಟ | ಫೆಬ್ರವರಿ 20, ರಾತ್ರಿ 8:44

ಅಕ್ಕಾ, ಆರು ವರ್ಷದಲ್ಲಿ ಈ ಮಾತು ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಬೈದವರಲ್ಲಿ ನಾನೂ ಒಬ್ಬ.

ಕುಷ್ಟಗಿ ತೋಟ | ಮಾರ್ಚ್ 4, ರಾತ್ರಿ 9:50

ಎಲ್ಲರಿಗೂ ಏನಾಯಿತು ಅಂತ ಹೇಳಬೇಕು.

ಎರಡು ಟನ್ ಹಣ್ಣನ್ನು ಜೆಸಿಬಿ ತರಿಸಿ ಹೊಲದ ಬದುವಿನಾಚೆ ಮುಚ್ಚಿದೆ. ನೀರು ಅಳತೆಯಲ್ಲಿ ಇಟ್ಟೆ, ದಿನಾ ಸ್ವಲ್ಪ ಸ್ವಲ್ಪ. ಹಕ್ಕಿ ಬಲೆ ಹರಿದಲ್ಲಿ ಹೊಲಿಸಿದೆ. ಕೊಯ್ಲಿಗೆ ನಾಲ್ಕು ದಿನ ಮುಂಚೆ ನಾನೂ ಮನೆಯವಳೂ ಸಾಲು ಸಾಲು ಹೋಗಿ, ಕಂಡ ಕೆಟ್ಟ ಗೊಂಚಲನ್ನೆಲ್ಲ ಬಳ್ಳಿಯಿಂದಲೇ ತೆಗೆದೆವು.

ಕೊಯ್ಲಿಗೆ ಗಂಗಾವತಿ ಅಕ್ಕನ ಗುಂಪನ್ನೇ ಕರೆಸಿದೆ. ದಿನದ ಕೂಲಿ. ಬೆಳಿಗ್ಗೆ ಐದಕ್ಕೆ ತಲೆಗೆ ಲೈಟ್ ಕಟ್ಟಿಕೊಂಡು ಶುರು ಮಾಡಿದರು. ಅಕ್ಕ ಒಂದು ಗೊಂಚಲು ಎತ್ತಿ ಮೂಗಿನ ಹತ್ತಿರ ತಂದರು, ತಲೆ ಅಲ್ಲಾಡಿಸಿದರು. ನನಗೆ ಏನೂ ಕಾಣಲಿಲ್ಲ. ಬಿಡಿಸಿ ತೋರಿಸಿದರು, ನಟ್ಟನಡುವೆ ಮೂರೇ ಮೂರು ಹಣ್ಣಿಗೆ ಕಪ್ಪು ಮಸಿ. ಕತ್ತರಿಯ ತುದಿಯಿಂದ ಆ ಮೂರನ್ನೂ ಸುತ್ತಲಿನ ಐದಾರನ್ನೂ ತೆಗೆದು ಕೆಟ್ಟದ್ದರ ಬಕೆಟ್‌ಗೆ ಹಾಕಿ, ಕತ್ತರಿ ಒರೆಸಿಕೊಂಡು ಮುಂದಿನ ಗೊಂಚಲಿಗೆ ಹೋದರು. ಕ್ರೇಟನ್ನು ತುಂಬಾ ತುಂಬಲಿಲ್ಲ, ಮುಕ್ಕಾಲು ಅಷ್ಟೇ. ಹತ್ತು ಗಂಟೆಗೆ ಗಾಡಿ ಹೊರಟಿತು.

ಕೂಲಿ ಮೊದಲಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಆಯಿತು. ತೂಕವೂ ಕಡಿಮೆ ಬಂತು. ಗೇಟಿನಲ್ಲಿ ಅದೇ ಮೇಡಂ. ಇಪ್ಪತ್ತು ಕ್ರೇಟ್ ತೆಗೆದು ಬಿಡಿಸಿ ನೋಡಿದರು. ಎಲ್ಲಾ ತಗೊಂಡರು. ಆರಿಸಿದ ಕೂಲಿಯಲ್ಲಿ ಅರ್ಧ ನೀವು ಕೊಡಬೇಕು ಅಂತ ಕೇಳಿದ್ದೇನೆ. ಮುಂದಿನ ಅಕ್ಟೋಬರ್ ಚಾಟ್ನಿಗೆ ಮುಂಚೆ ಕರಾರು ಬರೆಯುವಾಗ ಮಾತಾಡೋಣ ಅಂದಿದ್ದಾರೆ. ಟ್ಯಾಂಕ್ ಮನೆ ಸರ್, ಆ ದಿನ ನೀವು ನನ್ನ ಜೊತೆ ಬರಲು ಆಗುತ್ತದಾ? ನೀವು ಇಲ್ಲಿ ಬರೆದದ್ದನ್ನು ಅವರ ಮುಂದೆ ಹೇಳಬೇಕು.

ಟ್ಯಾಂಕ್ ಮನೆ | ಮಾರ್ಚ್ 4, ರಾತ್ರಿ 10:15

ಬರುತ್ತೇನೆ ರೀ. ದಿನ ಗೊತ್ತಾದ ಕೂಡಲೇ ತಿಳಿಸಿ. ಗಂಗಾವತಿ ಅಕ್ಕನನ್ನೂ ಕರೆದುಕೊಂಡು ಹೋಗೋಣ.